ಸರ್ವರ್ ತುಂಬಿದರೆ ಸದಸ್ಯರ ಲೆಕ್ಕಕ್ಕೆ ಕೈ ಹಚ್ಚಬೇಡಿ

ಮಾನ್ಯ ಸಂಪಾದಕರೇ,

ಮಾರ್ಚ್ ಅಖೇರಿ ಹತ್ತಿರ ಬಂತೆಂದರೆ ನಮ್ಮ ಗದಗ ಜಿಲ್ಲೆಯ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಸಾಲ ವಸೂಲಿ, ನವೀಕರಣ, ಬಡ್ಡಿ ಲೆಕ್ಕ, ಆಡಿಟ್ ತಯಾರಿ ಎಲ್ಲವೂ ಒಮ್ಮೆಲೇ ಕೂಡಿ ಬರುತ್ತವೆ. ವರ್ಷವಿಡೀ ಹೇಗೋ ನಡೆದುಕೊಂಡು ಬಂದ ಹಳೆಯ ಸರ್ವರ್ ಡಿಸ್ಕ್‌ನಲ್ಲಿ ಜಾಗವಿಲ್ಲವೆಂದು ನಿಂತುಬಿಡುವುದೂ ಬಹುಮಟ್ಟಿಗೆ ಇದೇ ದಿನಗಳಲ್ಲಿ. ಕೌಂಟರ್ ಮುಂದೆ ರೈತರು ಪಾಳಿ ಹಚ್ಚಿರುತ್ತಾರೆ, ರಸೀದಿ ಬರುವುದಿಲ್ಲ, ಕಾರ್ಯದರ್ಶಿಯವರು ಗಾಬರಿಯಿಂದ ಸರ್ವಿಸ್‌ನವರಿಗೆ ಫೋನ್ ಮಾಡುತ್ತಾರೆ, ಬಂದವರು ಸ್ವಲ್ಪ ಹೊತ್ತಿನಲ್ಲಿ ಏನನ್ನೋ ಅಳಿಸಿ ಯಂತ್ರವನ್ನು ಚಾಲೂ ಮಾಡಿ ಹೋಗುತ್ತಾರೆ. ಏನನ್ನು ಅಳಿಸಿದರು ಎಂಬುದು ಯಾವ ರಿಜಿಸ್ಟರಿನಲ್ಲೂ ದಾಖಲಾಗುವುದಿಲ್ಲ. ಗದಗ-ಬೆಟಗೇರಿ ಭಾಗದ ಕೆಲವು ಸಂಘಗಳ ಲೆಕ್ಕಪತ್ರ ಮತ್ತು ಕಂಪ್ಯೂಟರ್ ಕೆಲಸವನ್ನು ಬಹುಕಾಲದಿಂದ ನೋಡಿಕೊಂಡು ಬಂದಿರುವ ನಾನು, ಈ ರೂಢಿಯಿಂದ ಆಗುತ್ತಿರುವ ನಷ್ಟವನ್ನು ತಮ್ಮ ಪತ್ರಿಕೆಯ ಮೂಲಕ ಆಡಳಿತ ಮಂಡಳಿಗಳ ಗಮನಕ್ಕೆ ತರಬಯಸುತ್ತೇನೆ.

ನಾನು ಬಲ್ಲ ಒಂದು ಸಂಘದಲ್ಲಿ ಹೀಗೆ ಜಾಗ ಮಾಡುವ ನೆವದಲ್ಲಿ ಮುಗಿದುಹೋದ ಸಾಲಗಳ ಹಳೆಯ ಖತಾವಣಿಯನ್ನೇ ಡೇಟಾಬೇಸ್‌ನಿಂದ ತೆಗೆದುಹಾಕಲಾಯಿತು. ಸಾಲ ತೀರಿದೆ, ಇನ್ನು ಆ ವಿವರ ಯಾರಿಗೆ ಬೇಕು ಎಂಬುದು ಅಲ್ಲಿನವರ ಎಣಿಕೆಯಾಗಿತ್ತು. ಆದರೆ ಹಳೆಯ ಸಾಲದ ವಿವರ ಯಾವಾಗ ಬೇಕಾಗುತ್ತದೆ ಎಂಬುದು ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. 2017ರಲ್ಲಿ ರಾಜ್ಯ ಸರ್ಕಾರ ಸಹಕಾರಿ ಸಂಸ್ಥೆಗಳ ಬೆಳೆಸಾಲದಲ್ಲಿ ತಲಾ 50,000 ರೂಪಾಯಿವರೆಗೆ ಮನ್ನಾ ಮಾಡಿದಾಗಲೂ, 2018ರಲ್ಲಿ ಸಹಕಾರಿ ಸಾಲಕ್ಕೆ ಒಂದು ಲಕ್ಷದ ಮಿತಿಯಲ್ಲಿ ಮನ್ನಾ ಘೋಷಣೆಯಾದಾಗಲೂ, ಯಾರ ಖಾತೆಯಲ್ಲಿ ಯಾವ ದಿನಾಂಕಕ್ಕೆ ಎಷ್ಟು ಬಾಕಿ ಇತ್ತು ಎಂಬುದನ್ನು ಹಿಂದಕ್ಕೆ ಹೋಗಿ ತೋರಿಸಬೇಕಾಯಿತು. ಲೆಕ್ಕ ಸರಿಯಾಗಿ ಉಳಿದಿದ್ದಲ್ಲಿ ಕೆಲಸ ಸುಸೂತ್ರವಾಯಿತು. ಉಳಿಯದ ಕಡೆ ರೈತನೇ ಹಳೆಯ ಪಾಸ್‌ಬುಕ್ಕು, ಹರಿದ ರಸೀದಿಗಳನ್ನು ಹುಡುಕಿಕೊಂಡು ತಿರುಗಬೇಕಾಗುತ್ತದೆ.

ಇಷ್ಟು ದೊಡ್ಡ ಬೆಲೆ ತೆತ್ತು ಗಳಿಸಿದ ಜಾಗವಾದರೂ ಎಷ್ಟು? ಏನೂ ಇಲ್ಲ ಎನ್ನಬೇಕು. ಈ ಸಂಗತಿ ಬಹಳಷ್ಟು ಕಚೇರಿಗಳಿಗೆ ತಿಳಿದಿಲ್ಲವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ನಮ್ಮಲ್ಲಿ ಬಳಕೆಯಲ್ಲಿರುವ ಹಲವು ಲೆಕ್ಕದ ತಂತ್ರಾಂಶಗಳು ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಮೇಲೆ ನಡೆಯುತ್ತವೆ. ಅದರಲ್ಲಿ ಸಾವಿರಾರು ನಮೂದುಗಳನ್ನು ಅಳಿಸಿದರೂ ಡಿಸ್ಕ್ ಮೇಲಿನ ಡೇಟಾ ಫೈಲ್ ತಾನಾಗಿ ಕುಗ್ಗುವುದಿಲ್ಲ. ಅಳಿಸಿದ ಜಾಗ ಆ ಫೈಲಿನ ಒಳಗೇ ಮುಂದಿನ ನಮೂದುಗಳಿಗಾಗಿ ಉಳಿಯುತ್ತದೆ. ಅಷ್ಟೇ ಅಲ್ಲ, ಅಳಿಸುವ ಪ್ರತಿಯೊಂದು ಕ್ರಿಯೆಯೂ, ಡೇಟಾಬೇಸಿನ ಎಲ್ಲ ಬದಲಾವಣೆಗಳನ್ನು ದಾಖಲಿಸುವ ಲಾಗ್ ಫೈಲಿನಲ್ಲಿ ಬರೆಯಲ್ಪಡುವುದರಿಂದ, ತುಂಬಿದ ಡಿಸ್ಕ್ ಮೇಲೆ ಹೀಗೆ ಮಾಡಿದರೆ ಇದ್ದ ಅಲ್ಪಸ್ವಲ್ಪ ಜಾಗವೂ ಮುಗಿಯಬಹುದು.

ನಿಜವಾದ ಹೊಟ್ಟೆಬಾಕ ಅನೇಕ ಕಡೆ ಈ ಲಾಗ್ ಫೈಲೇ. ನಾನು ನೋಡಿದ ಒಂದು ಸರ್ವರ್‌ನಲ್ಲಿ ಸದಸ್ಯರ ಇಡೀ ಲೆಕ್ಕವಿರುವ ಡೇಟಾ ಫೈಲ್ 4 ಜಿಬಿಯನ್ನೂ ಮುಟ್ಟಿರಲಿಲ್ಲ, ಅದರ ಪಕ್ಕದಲ್ಲೇ ಇದ್ದ ಲಾಗ್ ಫೈಲ್ 60 ಜಿಬಿಯನ್ನು ದಾಟಿತ್ತು. ಕಾರಣ ಸರಳವಾಗಿದೆ. ಡೇಟಾಬೇಸನ್ನು ‘ಫುಲ್ ರಿಕವರಿ’ ಎಂಬ ವಿಧಾನದಲ್ಲಿಟ್ಟಾಗ, ಲಾಗ್‌ನ ಬ್ಯಾಕಪ್ಪನ್ನು ಪ್ರತ್ಯೇಕವಾಗಿ ತೆಗೆಯುವವರೆಗೆ ಹಳೆಯ ಲಾಗ್ ತೆರವಾಗುವುದಿಲ್ಲ. ಪ್ರತಿದಿನ ಸಂಜೆ ಇಡೀ ಡೇಟಾಬೇಸಿನ ಬ್ಯಾಕಪ್ ತೆಗೆಯುತ್ತೇವಲ್ಲ ಎಂದು ಸಿಬ್ಬಂದಿ ಹೇಳುತ್ತಾರೆ, ಆದರೆ ಆ ಬ್ಯಾಕಪ್ಪಿನಿಂದ ಲಾಗ್ ತೆರವಾಗುವುದಿಲ್ಲ. ತಂತ್ರಾಂಶ ಹಾಕಿಕೊಟ್ಟವರು ಲಾಗ್ ಬ್ಯಾಕಪ್ಪನ್ನು ಜೋಡಿಸದೇ ಹೋದಲ್ಲಿ ಅದು ವರ್ಷಗಟ್ಟಲೆ ಬೆಳೆಯುತ್ತಲೇ ಇರುತ್ತದೆ. ಮೊದಲು ಡೇಟಾಬೇಸಿನ ಬ್ಯಾಕಪ್ ಬೇರೆ ಡಿಸ್ಕಿಗೆ ತೆಗೆದು, ಬಳಿಕ ಲಾಗ್ ಬ್ಯಾಕಪ್ ತೆಗೆದು, ಆಮೇಲೆ ಲಾಗ್ ಫೈಲನ್ನು ಒಮ್ಮೆ ಕುಗ್ಗಿಸಿದರೆ ಸಾಕು, ಒಬ್ಬ ಸದಸ್ಯರ ಒಂದು ನಮೂದನ್ನೂ ಕಳೆಯದೆ ಡಿಸ್ಕಿನ ದೊಡ್ಡ ಭಾಗ ಖಾಲಿಯಾಗುತ್ತದೆ. ಸಂಜೆಯ ಬ್ಯಾಕಪ್ಪೇ ಸಾಕೆನ್ನುವ, ಅಂದರೆ ಅನಾಹುತವಾದರೆ ಒಂದು ದಿನದ ನಮೂದುಗಳನ್ನು ರಸೀದಿ ನೋಡಿ ಮತ್ತೆ ಹಾಕಿಕೊಳ್ಳಬಲ್ಲ ಸಣ್ಣ ಸಂಘಗಳು, ಲಾಗ್ ತಾನಾಗಿ ತೆರವಾಗುವ ‘ಸಿಂಪಲ್’ ವಿಧಾನಕ್ಕೆ ಬದಲಾಯಿಸಿಕೊಳ್ಳಬಹುದು. ಆದರೆ ಡೇಟಾಬೇಸನ್ನು ನಿಲ್ಲಿಸಿ ಲಾಗ್ ಫೈಲನ್ನು ನೇರವಾಗಿ ಡಿಲೀಟ್ ಮಾಡುವ ಸಾಹಸವನ್ನು ಮಾತ್ರ ಯಾರೂ ಮಾಡಬಾರದು. ಹಾಗೆ ಮಾಡಿದ ಡೇಟಾಬೇಸ್ ಮರುದಿನ ತೆರೆಯದೇ ಹೋಗಬಹುದು.

ಇನ್ನೊಂದು ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಖರ್ಚಿಲ್ಲದೆ ಸಿಗುತ್ತದೆಂದು ಹಲವು ಕಚೇರಿಗಳು ಎಸ್‌ಕ್ಯೂಎಲ್ ಸರ್ವರಿನ ‘ಎಕ್ಸ್‌ಪ್ರೆಸ್’ ಆವೃತ್ತಿಯನ್ನು ಬಳಸುತ್ತವೆ. ಹಳೆಯ ಸರ್ವರ್‌ಗಳಲ್ಲಿರುವ 2008 ಆರ್2 ಮತ್ತು ಅದರ ಬೆನ್ನಿಗೆ ಬಂದ ಆವೃತ್ತಿಗಳಲ್ಲಿ ಒಂದು ಡೇಟಾಬೇಸಿನ ಡೇಟಾಕ್ಕೆ 10 ಜಿಬಿ ಮಿತಿಯಿದೆ, ಅದಕ್ಕೂ ಹಿಂದಿನ 2008ರ ಆವೃತ್ತಿಯಲ್ಲಿ 4 ಜಿಬಿ. ಆ ಮಿತಿ ಮುಟ್ಟಿದಾಗಲೂ ನಮೂದು ನಿಲ್ಲುತ್ತದೆ. ಆಗ ಡಿಸ್ಕಿನಲ್ಲಿ ಎಷ್ಟು ಜಾಗ ಖಾಲಿ ಮಾಡಿದರೂ ಪ್ರಯೋಜನವಿಲ್ಲ. ಆದ್ದರಿಂದ ಪರದೆಯ ಮೇಲೆ ಬಂದ ಸಂದೇಶವನ್ನು ಓದದೆ, ಕನಿಷ್ಠ ಒಂದು ಫೋಟೋ ತೆಗೆದಿಟ್ಟುಕೊಳ್ಳದೆ ಯಾವುದಕ್ಕೂ ಕೈ ಹಾಕಬಾರದು.

ಎರಡನೆಯ ದೊಡ್ಡ ಪಾಲು ಸ್ಕ್ಯಾನ್ ಮಾಡಿದ ಕಾಗದಪತ್ರಗಳದ್ದು. ಪಹಣಿ, ಆಧಾರ್ ಪ್ರತಿ, ಸಾಲದ ಅರ್ಜಿ, ಜಾಮೀನುದಾರರ ಒಪ್ಪಿಗೆ ಪತ್ರ ಎಲ್ಲವನ್ನೂ ಈಗ ಸ್ಕ್ಯಾನ್ ಮಾಡಿಡುತ್ತಾರೆ. ಅದು ಒಳ್ಳೆಯ ಕೆಲಸವೇ. ಆದರೆ ಒಂದು ಎ4 ಹಾಳೆಯನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿಗಳ ಸ್ಪಷ್ಟತೆ) ಪೂರ್ಣ ಬಣ್ಣದಲ್ಲಿ, ಕುಗ್ಗಿಸದ ಚಿತ್ರವಾಗಿ ಉಳಿಸಿದರೆ ಸುಮಾರು 25 ಎಂಬಿ ಹಿಡಿಯುತ್ತದೆ. ಅದೇ ಹಾಳೆಯನ್ನು ಅದೇ ಸ್ಪಷ್ಟತೆಯಲ್ಲಿ ಕಪ್ಪುಬಿಳುಪಾಗಿ ಸ್ಕ್ಯಾನ್ ಮಾಡಿದರೆ ಕುಗ್ಗಿಸುವ ಮೊದಲೇ ಒಂದು ಎಂಬಿಯ ಆಸುಪಾಸಿಗೆ ಇಳಿಯುತ್ತದೆ, ಕುಗ್ಗಿಸಿದ ಪಿಡಿಎಫ್ ಆಗಿ ಉಳಿಸಿದರೆ ಅದಕ್ಕಿಂತ ಎಷ್ಟೋ ಕಡಿಮೆ. ಸ್ಕ್ಯಾನರ್‌ನಲ್ಲಿ ಈ ಒಂದು ಆಯ್ಕೆಯನ್ನು ಬದಲಿಸುವುದನ್ನು ಸಿಬ್ಬಂದಿಗೆ ಯಾರೂ ತೋರಿಸಿಕೊಟ್ಟಿರುವುದಿಲ್ಲ. ಅದರ ಮೇಲೆ, ಒಂದೇ ಅರ್ಜಿಯ ಪ್ರತಿ ಡೆಸ್ಕ್‌ಟಾಪ್ ಮೇಲೊಂದು, ಧಾರವಾಡದ ಕೇಂದ್ರ ಸಹಕಾರಿ ಬ್ಯಾಂಕಿಗೆ ಕಳಿಸಲು ಮಾಡಿದ ಫೋಲ್ಡರ್‌ನಲ್ಲೊಂದು, ಹಂಚಿಕೆಯ ಫೋಲ್ಡರ್‌ನಲ್ಲಿ ‘ಹೊಸದು’, ‘ಹೊಸದು 2’ ಎಂದು ಮತ್ತೆರಡು ಇರುವುದನ್ನು ನಾನು ಕಚೇರಿಯಿಂದ ಕಚೇರಿಗೆ ಕಾಣುತ್ತಿದ್ದೇನೆ. ಇಂಥ ನಕಲುಗಳನ್ನು ಕೂತು ಬೇರ್ಪಡಿಸಲು ತಾಳ್ಮೆ ಬೇಕು, ಕಾಗದಪತ್ರದ ಪರಿಚಯವಿರುವ ಸಂಘದ ಗುಮಾಸ್ತರೇ ಅದನ್ನು ಮಾಡಬೇಕು. ಹೊರಗಿನಿಂದ ಬಂದ ತಂತ್ರಜ್ಞರಿಗೆ ಮೂಲ ಯಾವುದು, ನಕಲು ಯಾವುದು ಎಂದು ತಿಳಿಯುವುದು ಸಾಧ್ಯವಿಲ್ಲ. ಹೀಗೆ ಬೇರ್ಪಡಿಸುವಾಗ ಒಂದು ಎಚ್ಚರಿಕೆ ಅಗತ್ಯ. ತನ್ನ ಮೇಜಿನ ಕಂಪ್ಯೂಟರಿನಿಂದ ಸರ್ವರ್‌ನ ಹಂಚಿಕೆಯ ಫೋಲ್ಡರನ್ನು ತೆರೆದು ಒಂದು ಫೈಲನ್ನು ಡಿಲೀಟ್ ಮಾಡಿದರೆ ಅದು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರವಾಗಿ ಅಳಿದುಹೋಗುತ್ತದೆ. ಬಿನ್‌ನಲ್ಲಿ ಸಿಗುತ್ತದೆಂದು ನಂಬಿ ಅಳಿಸಿದವರು ಬಹಳ ಜನ.

ವಿಂಡೋಸ್‌ನ ಸ್ವಂತ ಕಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಅದು ತಂತ್ರಜ್ಞರಿಗೆ ಗೊತ್ತಿರುವ ವಿಷಯ. ವೆಬ್ ಸೇವೆಯ ಲಾಗ್‌ಗಳು ‘ಐನೆಟ್‌ಪಬ್’ ಫೋಲ್ಡರಿನಲ್ಲಿ ತಾವಾಗಿ ಎಂದೂ ಅಳಿಯದೆ ಕೂಡುತ್ತಾ ಹೋಗುತ್ತವೆ, ಯಂತ್ರ ಕುಸಿದಾಗ ಬರೆದಿಟ್ಟ ಮೆಮೊರಿ ಡಂಪ್ ಹಲವು ಜಿಬಿ ಇರಬಹುದು, ಎಂದೋ ಇಳಿಸಿಕೊಂಡ ಅಪ್‌ಡೇಟ್ ಫೈಲುಗಳು ಹಾಗೇ ಉಳಿದಿರುತ್ತವೆ; ಇವನ್ನು ತೆಗೆಯಲು ಅಡ್ಡಿಯಿಲ್ಲ. ‘ವಿನ್‌ಎಸ್‌ಎಕ್ಸ್‌ಎಸ್’ ಮತ್ತು ‘ಇನ್‌ಸ್ಟಾಲರ್’ ಎಂಬ ಎರಡು ಫೋಲ್ಡರ್‌ಗಳು ದೊಡ್ಡದಾಗಿ ಕಾಣುತ್ತವೆಂದು ಕೈಯಿಂದ ಅಳಿಸುವುದು ಮಾತ್ರ ತಪ್ಪು. ಮೊದಲನೆಯದರಲ್ಲಿ ಒಂದೇ ಫೈಲ್ ಎರಡು ಕಡೆ ಲೆಕ್ಕಕ್ಕೆ ಬರುವುದರಿಂದ ಅದರ ಗಾತ್ರ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ, ಅದನ್ನು ಕುಗ್ಗಿಸಲು ವಿಂಡೋಸ್ ತಾನೇ ಕೊಟ್ಟಿರುವ ಆಜ್ಞೆಯನ್ನು ಬಳಸಬೇಕು. ಎರಡನೆಯದನ್ನು ಅಳಿಸಿದರೆ ಮುಂದೆ ಯಾವ ತಂತ್ರಾಂಶವನ್ನೂ ಸರಿಯಾಗಿ ನವೀಕರಿಸಲು ಅಥವಾ ತೆಗೆಯಲು ಬರದಂತಾಗಬಹುದು.

ಫಾಂಟ್‌ಗಳ ವಿಷಯ ಮಾತ್ರ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಎಲ್ಲ ಯಂತ್ರಗಳಿಗೂ ಸಮಾನವಾದ ಯೂನಿಕೋಡ್ ಅಕ್ಷರ ಸಂಕೇತ ಬಳಕೆಗೆ ಬರುವ ಮುನ್ನ ನಮ್ಮ ಸಂಘಗಳ ಠರಾವುಗಳು, ಸರ್ವಸಾಧಾರಣ ಸಭೆಯ ನಡಾವಳಿಗಳು, ನೋಟಿಸುಗಳು ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲೇ ಟೈಪ್ ಆಗಿವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಆ ಕಡತಗಳನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು ಕಾಣುತ್ತದೆ. ಇದನ್ನು ಕಂಡವರು ಫೈಲ್ ಕೆಟ್ಟಿದೆ ಎಂದು ತೀರ್ಮಾನಿಸಿ ಅಳಿಸುತ್ತಾರೆ. ಫೈಲ್ ಕೆಟ್ಟಿರುವುದಿಲ್ಲ, ಫಾಂಟ್ ಹಾಕಿದರೆ ಅಥವಾ ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದರೆ ಇಡೀ ಠರಾವನ್ನು ಓದಬಹುದು. ಇಂಥ ಕಡತಗಳು ಹಿಡಿಯುವ ಜಾಗವೂ ಅತ್ಯಲ್ಪ. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದದ್ದು 1905ರಲ್ಲಿ ನಮ್ಮ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಆರಂಭವಾಯಿತು. ಅಂಥ ಪರಂಪರೆಯ ಜಿಲ್ಲೆಯಲ್ಲಿ ಸಂಘದ ಠರಾವುಗಳು ಒಂದು ಫಾಂಟ್ ಇಲ್ಲವೆಂಬ ಕಾರಣಕ್ಕೆ ಕಸದ ಪಾಲಾಗುವುದನ್ನು ನೋಡುವುದು ನನಗೆ ಸಂಕಟದ ಸಂಗತಿ.

ಬ್ಯಾಕಪ್ಪುಗಳನ್ನು ಇಡುವ ರೀತಿಯೂ ಬದಲಾಗಬೇಕು. ದಿನಕ್ಕೊಂದರಂತೆ ತೆಗೆದ ಬ್ಯಾಕಪ್ಪನ್ನು ಅದೇ ಸರ್ವರ್‌ನ ಅದೇ ಡಿಸ್ಕಿನಲ್ಲಿ ತುಂಬುತ್ತಾ ಹೋಗುವುದರಿಂದ ಡಿಸ್ಕ್ ತುಂಬುತ್ತದೆ, ತುಂಬಿದ ದಿನದಿಂದ ಹೊಸ ಬ್ಯಾಕಪ್ ಆಗುವುದೇ ಇಲ್ಲ, ಆಗುತ್ತಿಲ್ಲವೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ಎರೆಮಣ್ಣಿನ ಧೂಳು, ಬೇಸಿಗೆಯ ಕಾವು, ಕರೆಂಟ್ ಹೋಗಿ ಬರುವುದು ಇವೆಲ್ಲವನ್ನೂ ಸಹಿಸಿದ ಹಳೆಯ ಡಿಸ್ಕ್ ಎಂದು ಕೈಕೊಡುತ್ತದೆಯೋ ಹೇಳಲಾಗದು, ಕೈಕೊಟ್ಟರೆ ಲೆಕ್ಕವೂ ಬ್ಯಾಕಪ್ಪೂ ಕೂಡಿಯೇ ಹೋಗುತ್ತವೆ. ಬ್ಯಾಕಪ್ಪನ್ನು ಹೊರಗಿನ ಎರಡು ಹಾರ್ಡ್ ಡಿಸ್ಕ್‌ಗಳಿಗೆ ಸರದಿಯಂತೆ ತೆಗೆದು, ಒಂದನ್ನು ಕಚೇರಿಯ ತಿಜೋರಿಯಲ್ಲಿ, ಇನ್ನೊಂದನ್ನು ಬೇರೆ ಕಟ್ಟಡದಲ್ಲಿ ಇಡುವುದು ಯಾವ ಸಂಘಕ್ಕೂ ಭಾರವಾಗುವ ಖರ್ಚಲ್ಲ. ತೆಗೆದ ಬ್ಯಾಕಪ್ಪನ್ನು ಆಗಾಗ ಬೇರೆ ಯಂತ್ರದಲ್ಲಿ ತೆರೆದು ಪರೀಕ್ಷಿಸದಿದ್ದರೆ ಅದನ್ನು ಬ್ಯಾಕಪ್ ಎಂದು ಕರೆಯಲು ನಾನು ಸಿದ್ಧನಿಲ್ಲ.

ಹೊಸ ಸರ್ವರ್ ಕೊಂಡರೆ ಎಲ್ಲ ಮುಗಿಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಕೊಳ್ಳಬೇಕು, ಅದರಲ್ಲಿ ಎರಡು ಮಾತಿಲ್ಲ. ವಿಂಡೋಸ್ ಸರ್ವರ್ 2008 ಆರ್2ಗೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2020ರ ಜನವರಿಯಲ್ಲೂ, 2012 ಆರ್2ಗೆ 2023ರ ಅಕ್ಟೋಬರ್‌ನಲ್ಲೂ ಮುಗಿದಿದೆ. ಆದರೆ ಕಸವನ್ನು ಬೇರ್ಪಡಿಸದೆ ಸಾಗಿಸಿದರೆ ಹೊಸ ಡಿಸ್ಕೂ ಅದೇ ದಾರಿ ಹಿಡಿಯುತ್ತದೆ. ಇನ್ನು, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟ ಯೋಜನೆ ಆರಂಭದಲ್ಲಿ 63,000 ಸಂಘಗಳನ್ನು ಒಂದೇ ಬಗೆಯ ತಂತ್ರಾಂಶಕ್ಕೆ ತರುವ ಉದ್ದೇಶದ್ದು. ಆ ವ್ಯವಸ್ಥೆಗೆ ಸೇರಿದ ಸಂಘಗಳು ಹಿಂದಿನ ವರ್ಷಗಳ ಖಾತೆವಾರು ವಿವರ ಹೊಸದರಲ್ಲಿ ಪೂರ್ತಿಯಾಗಿ ಇದೆಯೇ ಎಂದು ತಾಳೆ ನೋಡಿ ಬರೆದಿಡುವವರೆಗೆ ಹಳೆಯ ಸರ್ವರನ್ನು ಬಿಚ್ಚಬಾರದು, ಗುಜರಿಗಂತೂ ಹಾಕಲೇಬಾರದು. ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿದ ಡಿಸ್ಕಿನಿಂದ ಸದಸ್ಯರ ಆಧಾರ್ ಪ್ರತಿಗಳನ್ನು ಹೊರತೆಗೆಯಲು ಸಾಧ್ಯವಿದೆ.

ನನ್ನ ವಿನಂತಿ ಇಷ್ಟು. ಸರ್ವರ್‌ನಿಂದ ಏನನ್ನು ಅಳಿಸಬಹುದು ಎಂಬ ನಿರ್ಧಾರ ಆಡಳಿತ ಮಂಡಳಿಯ ಠರಾವಿನಿಂದ ಆಗಬೇಕೇ ಹೊರತು, ಕೌಂಟರ್ ನಿಂತ ಹೊತ್ತಿನ ಗಡಿಬಿಡಿಯಲ್ಲಿ ಆಗಬಾರದು. ಕಾಗದದ ದಫ್ತರವನ್ನು ಸುಡಲು ಯಾವ ಕಾರ್ಯದರ್ಶಿಯೂ ಒಬ್ಬರೇ ಮುಂದಾಗುವುದಿಲ್ಲ, ಯಂತ್ರದೊಳಗಿನ ದಫ್ತರಕ್ಕೂ ಅದೇ ಕಟ್ಟಳೆ ಸಲ್ಲಬೇಕು. ಯಾವ ದಾಖಲೆಯನ್ನು ಎಷ್ಟು ವರ್ಷ ಇಡಬೇಕೆಂದು ಪಟ್ಟಿಯಿರಲಿ. ಉದಾಹರಣೆಗೆ, ಗೊಬ್ಬರ ಮಾರಾಟ ಮಾಡುವ ಜಿಎಸ್‌ಟಿ ನೋಂದಾಯಿತ ಸಂಘಗಳು ಆ ಲೆಕ್ಕವನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಇಡಲೇಬೇಕೆಂದು ಕಾನೂನಿದೆ. ಸದಸ್ಯರ ಷೇರು ಮತ್ತು ಸಾಲದ ಖಾತೆಗಳನ್ನು ನನ್ನ ಅಭಿಪ್ರಾಯದಲ್ಲಿ ಎಂದಿಗೂ ಅಳಿಸಬಾರದು. ಅಳಿಸಿದ್ದೇನು, ಅಳಿಸಿದವರಾರು, ಅದಕ್ಕೆ ಮುಂಚೆ ಬ್ಯಾಕಪ್ ಎಲ್ಲಿಡಲಾಯಿತು ಎಂಬುದನ್ನು ಬರೆದು ಸಹಿ ಹಾಕುವ ಒಂದು ರಿಜಿಸ್ಟರ್ ಸರ್ವರ್ ಪಕ್ಕದಲ್ಲಿರಲಿ, ಆಡಿಟ್‌ಗೆ ಬಂದವರು ಅದನ್ನೂ ಕೇಳಿ ನೋಡಲಿ. ಜಿಲ್ಲೆಯ ಸಹಕಾರ ಸಂಘಗಳ ಉಪನಿಬಂಧಕರು ಈ ಪಟ್ಟಿ ಮತ್ತು ರಿಜಿಸ್ಟರಿನ ಒಂದು ಮಾದರಿಯನ್ನು ಸಿದ್ಧಪಡಿಸಿ, ಬರುವ ಮಾರ್ಚ್ ಅಖೇರಿಯ ಒತ್ತಡ ಆರಂಭವಾಗುವ ಮೊದಲೇ ಎಲ್ಲ ಸಂಘಗಳಿಗೂ ಕಳಿಸಿಕೊಡಬೇಕೆಂದು ಈ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಹಕಾರಿ ಸಂಘಗಳ ಲೆಕ್ಕಿಗ,
ಗದಗ-ಬೆಟಗೇರಿ