ಮುಂಗಡಕ್ಕಿಂತ ಸೋರದ ಮಾಡು ಮೇಲು

ಮಾನ್ಯರೇ,

ರೊಬಸ್ಟಾ ಕಾಫಿಯ ಕೊಯ್ಲು ಹತ್ತಿರವಾದಂತೆ ಕೊಡಗಿನ ತೋಟಗಳಲ್ಲಿ ಕಾರ್ಮಿಕರನ್ನು ಉಳಿಸಿಕೊಳ್ಳಲು ಮುಂಗಡ ಕೊಡುವ ಪೈಪೋಟಿ ಶುರುವಾಗುತ್ತದೆ. ನಾನೂ ಕೊಟ್ಟು ನೋಡಿದ್ದೇನೆ. ಪಕ್ಕದ ತೋಟದವರು ಕಿಲೋ ಹಣ್ಣು ಕೊಯ್ಯುವ ಕೂಲಿಯನ್ನು ಒಂದು ರೂಪಾಯಿ ಹೆಚ್ಚಿಸಿದ ಮರುದಿನವೇ ನಮ್ಮ ಲೈನ್‌ಮನೆ (ಕಾರ್ಮಿಕರ ಸಾಲುಮನೆ) ಅರ್ಧ ಖಾಲಿಯಾಗಿತ್ತು. ಆದರೆ ಹಿಂದಿನ ಬೇಸಿಗೆಯಲ್ಲಿ ನಾನು ಹೆಂಚು ಬದಲಿಸಿ, ಬಚ್ಚಲು ಕಟ್ಟಿಸಿ, ಮಕ್ಕಳನ್ನು ಶಾಲೆಗೆ ಬಿಡಲು ಜೀಪು ಗೊತ್ತುಮಾಡಿಕೊಟ್ಟಿದ್ದ ಮೂರು ಮನೆಗಳವರು, ಹೊರಗೆ ಹೆಚ್ಚು ಕೂಲಿ ಸಿಗುವುದು ತಿಳಿದಿದ್ದೂ, ಕದಲಲಿಲ್ಲ. ದೊಡ್ಡ ತೋಟಗಳಲ್ಲಿ ವಸತಿ ಮಾಲೀಕರ ಹೊಣೆಯೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು (ಅದನ್ನು ಉಪಕಾರವೆಂಬಂತೆ ಹೇಳಿಕೊಳ್ಳುವುದು ನಮ್ಮ ಅಭ್ಯಾಸ). ಮಳೆಗಾಲದಲ್ಲಿ ಕೆಲಸವಿಲ್ಲವೆಂದು ಕಳುಹಿಸಿ ಜನವರಿಯಲ್ಲಿ ಹುಡುಕಾಡುವುದಕ್ಕಿಂತ, ಚಿಗುರು ತೆಗೆಯುವ, ಕಳೆ ಕೊಚ್ಚುವ ಕೆಲಸಗಳನ್ನು ಹಂಚಿ ವರ್ಷವಿಡೀ ಕೂಲಿ ಕೊಡುವುದೇ ಅಗ್ಗವೆಂಬುದು ನನ್ನ ಲೆಕ್ಕ.

— ಕಾಫಿ ಬೆಳೆಗಾರ, ವಿರಾಜಪೇಟೆ ತಾಲ್ಲೂಕು