ಛತ್ರದಲ್ಲಿ ಆಡಿ ಬೆಳೆದ ಚಾಂಪಿಯನ್

ಮಾನ್ಯ ಸಂಪಾದಕರೇ,

1980ರ ಮಾರ್ಚ್ ತಿಂಗಳು. ನಾನಾಗ ಏಳನೇ ಕ್ಲಾಸು. ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದ ಸುದ್ದಿಯನ್ನು ಅಪ್ಪ ಪೇಪರಿನಲ್ಲಿ ಎರಡೆರಡು ಸಲ ಓದಿ ಹೇಳಿದರು. ಫೈನಲ್‌ನಲ್ಲಿ ಎದುರಿಗಿದ್ದವರು ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಅವರ ಸ್ಮ್ಯಾಶ್, ಅಂದರೆ ಮೇಲಿಂದ ಕೆಳಕ್ಕೆ ಜೋರಾಗಿ ಬಾರಿಸುವ ಹೊಡೆತಕ್ಕೆ ಎಲ್ಲರಿಗೂ ಭಯ. ಪ್ರಕಾಶ್ ಬಲಕ್ಕೆ ಬಲ ಕೊಡಲು ಹೋಗಲೇ ಇಲ್ಲ. ಶಟಲ್ ಅನ್ನು ನೆಟ್ ಹತ್ತಿರ ಮೆಲ್ಲಗೆ ಇಳಿಸಿ, ಹಿಂದಕ್ಕೆ ಎತ್ತಿ, ಅವರನ್ನು ಓಡಾಡಿಸಿ 15-3, 15-10ರಲ್ಲಿ ಗೆದ್ದರು. ಅದಕ್ಕೂ ಮೊದಲೇ ರಾಷ್ಟ್ರೀಯ ಚಾಂಪಿಯನ್ ಪಟ್ಟ ಸತತ ಒಂಬತ್ತು ಸಲ, 1978ರಲ್ಲಿ ಕಾಮನ್‌ವೆಲ್ತ್ ಚಿನ್ನ.

ಇಷ್ಟೆಲ್ಲ ಶುರುವಾಗಿದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಎಂಬ ಸಂಘದ ಮದುವೆ ಹಾಲ್‌ನಲ್ಲಿ. ಮದುವೆ ಇದ್ದ ದಿನ ಪ್ರಾಕ್ಟೀಸ್ ಇಲ್ಲ, ಅಷ್ಟೇ!

ನನ್ನ ಮೊಮ್ಮಗಳಿಗೆ ಹನ್ನೊಂದು ವರ್ಷ. ಮನೆ ಮುಂದಿನ ರಸ್ತೆಯಲ್ಲಿ ಆಡುತ್ತಾಳೆ. ಶಟಲ್ ತೂಕ ಐದು ಗ್ರಾಂ ಆಸುಪಾಸು. ಸ್ವಲ್ಪ ಗಾಳಿ ಬಂದರೂ ಪಕ್ಕದ ಮನೆ ಸಜ್ಜೆ ಮೇಲೆ ಕೂರುತ್ತದೆ, ಗರಿ ಮುರಿಯುತ್ತದೆ. ಕೋರ್ಟ್ ಬಾಡಿಗೆ ನಮಗೆ ಜಾಸ್ತಿಯೇ. ನಮ್ಮ ಬಡಾವಣೆಯ ಸಮುದಾಯ ಭವನ ಮಾತ್ರ ವಾರದಲ್ಲಿ ಐದು ದಿನ ಸುಮ್ನೆ ಬೀಗ ಹಾಕಿಕೊಂಡಿರುತ್ತದೆ. ಕೇಳಿದರೆ ನೆಲ ಹಾಳಾಗುತ್ತದೆ ಅಂದರು. ಬರಿಗಾಲಲ್ಲಿ ಆಡುವ ಮಕ್ಕಳಿಂದ ಯಾವ ನೆಲ ಹಾಳಾಗುತ್ತದೆ?

ಇಂಥ ಭವನಗಳನ್ನು ಬೆಳಿಗ್ಗೆ ಆರರಿಂದ ಎಂಟರವರೆಗೆ ಮಕ್ಕಳಿಗೆ ತೆರೆದುಕೊಡಿ. ನೆಟ್, ಕಂಬ ನಾವೇ ತರುತ್ತೇವೆ. ಆಟ ಮುಗಿದ ಮೇಲೆ ಕಸ ಗುಡಿಸಿ ಬೀಗದ ಕೈ ತಂದುಕೊಡುವ ಜವಾಬ್ದಾರಿ ನನ್ನದು.

– ಒಬ್ಬ ಅಜ್ಜಿ, ಬೆಂಗಳೂರು