ಹಳೆಯ ಕಾರ್ಯಕ್ರಮಗಳಿಗೂ ಸಮಯ ಕೊಡಿ

ಮಾನ್ಯರೇ,

ಚಂದನ ವಾಹಿನಿಯಲ್ಲಿ ಹಳೆಯ ಕಾರ್ಯಕ್ರಮಗಳಿಗೆಂದೇ ದಿನಕ್ಕೆ ಅರ್ಧ ಗಂಟೆ ಮೀಸಲಿಡಬೇಕು. ಕರ್ನಾಟಕದಲ್ಲಿ ಟಿ.ವಿ. ಮೊದಲು ಬಂದಿದ್ದು ಬೆಂಗಳೂರಿಗಲ್ಲ. 1975ರಲ್ಲಿ ಉಪಗ್ರಹದ ಮೂಲಕ ಕಲಬುರಗಿ, ರಾಯಚೂರು, ವಿಜಯಪುರ ಭಾಗದ ಹಳ್ಳಿಗಳಿಗೆ. ಊರಿಗೆಲ್ಲ ಒಂದೇ ಪೆಟ್ಟಿಗೆ, ಅದರ ಮುಂದೆ ಕೂತು ಜನ ಬೇಸಾಯದ ಪಾಠ ನೋಡುತ್ತಿದ್ದರು. ಇದು ಈಗಿನ ಎಷ್ಟು ಮಕ್ಕಳಿಗೆ ಗೊತ್ತು?

2002ರಲ್ಲಿ ಶುರುವಾದ ‘ಥಟ್ ಅಂತ ಹೇಳಿ’ಯನ್ನೇ ನೋಡಿ. ಸರಿಯಾದ ಉತ್ತರಕ್ಕೆ ನಾ. ಸೋಮೇಶ್ವರ ಅವರು ಕೊಡುವುದು ದುಡ್ಡಲ್ಲ, ಕನ್ನಡ ಪುಸ್ತಕ. ಎಷ್ಟು ಚೆಂದದ ಬಹುಮಾನ ಅಲ್ವಾ! ಅದರ ಮೊದಮೊದಲ ಕಂತುಗಳು, ಹಳೆಯ ನಾಟಕಗಳು, ಸಾಹಿತಿಗಳ ಸಂದರ್ಶನಗಳು ಮತ್ತೆ ಬರಲಿ. ಮೊದಲು ಪ್ರಸಾರವಾದ ದಿನಾಂಕವನ್ನೂ ಪರದೆಯ ಮೂಲೆಯಲ್ಲಿ ಹಾಕಲಿ.

– ಒಬ್ಬ ವೀಕ್ಷಕ